ಪ್ಲಾನ್ ಬಟ್ಟೆಯ ಮೇಲಿನ ಚಂದ್ರ

ಹಿತ್ತಲಿನ ತಂತಿಯ ಮೇಲೆ ಬಿಳಿ ಬಟ್ಟೆಯ ಚೌಕಗಳು ಸಾಲಾಗಿ ಒಣಗುತ್ತಿದ್ದವು. ಆಸ್ಪತ್ರೆಯಿಂದ ಬಂದ ಸೊಣ್ಣಪ್ಪ ಕೈಕಾಲು ತೊಳೆಯಲು ತೊಟ್ಟಿಯ ಹತ್ತಿರ ಬಗ್ಗಿದವನು, ತಲೆಯೆತ್ತಿ ಅವನ್ನು ನೋಡಿ ಹಾಗೇ ನಿಂತುಬಿಟ್ಟ. ಕೊನೆಯ ಚೌಕದ ಅಂಚಿಗೆ ನೀಲಿ ಪಟ್ಟಿ ಹೊಲಿದಿತ್ತು. ಕೈಯಲ್ಲಿ ಹಾಕಿದ ಸಣ್ಣ ಹೊಲಿಗೆ. ಆ ಪಟ್ಟಿಯನ್ನು ಅವನು ಮೊನ್ನೆ ಮೊನ್ನೆ ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನ ಒಂದು ಮನೆಯಲ್ಲಿ ಬೆರಳಿನಿಂದ ಸವರಿ, ಹೊಗಳಿ ಬಂದಿದ್ದ.

"ಲೇ, ಈ ಬಟ್ಟೆ ಎಲ್ಲಿತ್ತು?" ಎಂದು ಕೂಗಿದ.

ಹೆಂಡತಿ ಪಾಪಕ್ಕ ಒಲೆಯ ಮುಂದಿನಿಂದ ಎದ್ದು ಬರಲಿಲ್ಲ. "ಎಲ್ಲಿತ್ತು ಅಂದ್ರೆ? ಟ್ರಂಕಲ್ಲಿ. ನೀನೇ ಅಲ್ವಾ ತಂದಿಕ್ಕಿದ್ದು, ಮಗೀಗೆ ಅಂತ. ಮಗು ನಾಳೆ ಮನೆಗೆ ಬತ್ತೈತೆ, ಚೌಕ ಚೌಕ ಕತ್ರಿಸಿ ಕುದಿಸಿ ಆಕ್ದೆ. ಎಷ್ಟು ಚೆನ್ನಾಗಿ ಬಂದೈತೆ ನೋಡು, ಹೂವಿದ್ದಂಗೆ."

"ಅದ್ರ ಮೇಲೆ ಏನೋ ಬರ್ದಿತ್ತಲ್ಲ, ನೋಡ್ಲಿಲ್ವಾ?"

"ಪ್ಲಾನ್ ಬಟ್ಟೆ ಮೇಲೆ ಪ್ಲಾನ್ ಇಲ್ದೆ ಇನ್ನೇನಿರ್ತದೆ? ಗುಂಡಿ ಗುಂಡಿ ಇತ್ತು. ಗಣೀಲಿ ಗುಂಡಿ ಇರಲ್ವಾ?"

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಸುಳ್ಳು ಇದ್ದದ್ದು ಒಂದೇ, ಅದು ಸೊಣ್ಣಪ್ಪನದು.

ಪ್ಲಾನ್ ಬಟ್ಟೆ ಎಂದರೆ ಹೊರಗಿನವರಿಗೆ ತಿಳಿಯುವುದಿಲ್ಲ. ಚಿನ್ನದ ಗಣಿಗಳು ನಡೆಯುತ್ತಿದ್ದಾಗ ಸರ್ವೆ ಆಫೀಸಿನಲ್ಲಿ ಸುರಂಗಗಳ ನಕ್ಷೆಯನ್ನು ಗಂಜಿ ಹಾಕಿ ಗಾಜಿನಂತೆ ಮಾಡಿದ ತೆಳು ಬಟ್ಟೆಯ ಮೇಲೆ ಮಸಿಯಲ್ಲಿ ತಿದ್ದುತ್ತಿದ್ದರು. ಹಳೆಯದಾಗಿ ಬೇಡವಾದ ನಕ್ಷೆಗಳನ್ನು ಆಫೀಸಿನವರು ಹೊರಗೆ ಹಾಕಿದರೆ ಲೈನ್ ಮನೆಗಳ, ಅಂದರೆ ಗಣಿ ಕೂಲಿಕಾರರ ಸಾಲುಮನೆಗಳ, ಹೆಂಗಸರು ಬಿಡುತ್ತಿರಲಿಲ್ಲ. ಸೋಡಾ ಹಾಕಿ ಕುದಿಸಿದರೆ ಗಂಜಿ ಬಿಡುತ್ತದೆ, ಗಂಜಿಯ ಜೊತೆ ಮಸಿಯೂ ಬಿಡುತ್ತದೆ. ಒಳಗಿನಿಂದ ಬರುವ ಬಟ್ಟೆಯಷ್ಟು ಮೆತ್ತನೆಯದು ಯಾವ ಜವಳಿ ಅಂಗಡಿಯಲ್ಲೂ ಸಿಗುವುದಿಲ್ಲ. ಬಾಣಂತಿ ಇರುವ ಮನೆಗೆ ನೆಂಟರು ತುಪ್ಪ ತರುವಂತೆ ಪ್ಲಾನ್ ಬಟ್ಟೆ ತರುತ್ತಿದ್ದರು. ನಂದಿದುರ್ಗ ಗಣಿಯ ಲೈನಿನಲ್ಲಿ ಹುಟ್ಟಿದ ಪಾಪಕ್ಕನ ಮೊದಲ ಲಂಗೋಟಿ ಕೂಡ ಯಾವುದೋ ಸುರಂಗದ ನಕ್ಷೆಯೇ. ಗಣಿ ಮುಚ್ಚಿದ ಮೇಲೂ ಅವಳ ತಾಯಿ ಉಳಿಸಿಕೊಂಡಿದ್ದ ಒಂದಷ್ಟು ಬಟ್ಟೆ ಬೇವಿನ ಸೊಪ್ಪಿನ ಜೊತೆ ಆ ಟ್ರಂಕಿನಲ್ಲಿತ್ತು.

ಸೊಣ್ಣಪ್ಪನಿಗೆ ಬಂಗಾರಪೇಟೆಯ ಬಜಾರಿನಲ್ಲಿ ಚಿಲ್ಲರೆ ಅಂಗಡಿ, ಮನೆಯಲ್ಲಿ ಎರಡು ಹಸು. ಆದರೆ ಊರಿನವರು ಅವನನ್ನು ಕರೆಯುವುದು ಚಂದ್ರನ ಸೊಣ್ಣಪ್ಪ ಎಂದು. ಗಣಿ ಮುಚ್ಚಿ ಆಫೀಸರುಗಳ ಬಂಗಲೆಗಳು ಖಾಲಿಯಾದಾಗ ಅಲ್ಲಿನ ರದ್ದಿಯೆಲ್ಲ ತೂಕದ ಮೇಲೆ ಬಜಾರಿಗೆ ಬಂತು. ಕಡಲೆಬೀಜ ಕಟ್ಟಲೆಂದು ಕೊಂಡ ಒಂದು ಕಟ್ಟಿನಲ್ಲಿ ಅವನಿಗೆ ಭೂಮಿಯಿಂದ ಚಂದ್ರನಿಗೆ ಹೋಗಿ ಸುತ್ತಿ ಬರುವ ದಾರಿ ಬರೆದ ದೊಡ್ಡ ಹಾಳೆಯೊಂದು ಸಿಕ್ಕಿತು. ಅಪೊಲೊ ಹೋದ ಕಾಲದಲ್ಲಿ ಅಮೆರಿಕದವರು ಪತ್ರಿಕೆಗಳಿಗೂ ಲೈಬ್ರರಿಗಳಿಗೂ ಹಂಚಿದ್ದು. ಹಾಳೆಯ ಮೂಲೆಯನ್ನು ಹರಿದು ಯಾರಿಗೋ ಕಾಲು ಕಿಲೋ ಬೀಜ ಕಟ್ಟಿಕೊಟ್ಟ ಮೇಲೆ ಅವನು ಉಳಿದದ್ದನ್ನು ಬಿಡಿಸಿ ನೋಡಿದ. ಆವತ್ತಿಗೆ ಶುರುವಾಯಿತು. ಇಳಿಯುವ ಜಾಗದ ನಕ್ಷೆ, ಯಾತ್ರಿಕರು ನಡೆದ ಹೆಜ್ಜೆಗಳನ್ನು ಗುರುತಿಸಿದ ಪಟ, ಯಾವ ಗಳಿಗೆಯಲ್ಲಿ ಯಾವ ಕೆಲಸ ಎಂದು ಬರೆದ ಪುಸ್ತಕ. ರದ್ದಿಯವರಿಗೆ ಹೇಳಿಟ್ಟು, ಹಳೇ ಮೇಷ್ಟರ ಮನೆಗಳಿಗೆ ಹೋಗಿ, ಮದ್ರಾಸಿನ ಹಳೇ ಪುಸ್ತಕದ ಅಂಗಡಿಗಳನ್ನು ಅಲೆದು ಕೂಡಿಸಿದ. ಇಂಗ್ಲಿಷು ಓದಲು ಬಾರದು. ಅಂಗಡಿಗೆ ಬಂದ ಕಾಲೇಜು ಹುಡುಗರಿಂದ ಓದಿಸಿ, ಕೇಳಿದ್ದನ್ನು ಮರೆಯದೆ ಇಟ್ಟುಕೊಂಡಿದ್ದ.

ಚಾಂಪಿಯನ್ ರೀಫ್ಸಿನ ರಾಧಾಮಣಿಯ ವಿಷಯ ತಿಳಿದದ್ದು ಹಾಗೇ, ಅಂಗಡಿಯ ಮಾತಿನಲ್ಲಿ. ಅವಳ ತಂದೆ ಮುನಿಸ್ವಾಮಪ್ಪ ನಂದಿದುರ್ಗ ಗಣಿಯ ಸರ್ವೆ ಆಫೀಸಿನಲ್ಲಿ ನಕ್ಷೆಗಳ ನಕಲು ತೆಗೆಯುವ ಟ್ರೇಸರ್ ಆಗಿದ್ದವರು. ಮನುಷ್ಯ ಚಂದ್ರನ ಮೇಲೆ ಇಳಿಯುವ ಮುಂಚೆ ಗಣಿಯ ಕ್ಲಬ್ಬಿನಲ್ಲಿ ದೊಡ್ಡ ಚಂದ್ರನ ನಕ್ಷೆಯೊಂದನ್ನು ತೂಗುಹಾಕಿದ್ದರಂತೆ. ಕ್ಲಬ್ಬಿನೊಳಗೆ ಅವರಂಥವರಿಗೆ ಪ್ರವೇಶವಿಲ್ಲ. ಬಟ್ಲರನನ್ನು ಒಪ್ಪಿಸಿ, ಸಾಹೇಬರುಗಳು ಟೆನಿಸ್ಸಿಗೆ ಇಳಿದ ಹೊತ್ತಿನಲ್ಲಿ ಒಳಗೆ ಹೋಗಿ, ಪ್ಲಾನ್ ಬಟ್ಟೆಯನ್ನು ಅದರ ಮೇಲೆ ಹಾಸಿ ಪ್ರತಿ ಗುಂಡಿಯನ್ನೂ ತಿದ್ದಿಕೊಂಡು ಬಂದಿದ್ದರು. ಅಂಚಿಗೆ ನೀಲಿ ಪಟ್ಟಿ ಹೊಲಿದವಳು ಅವರ ಹೆಂಡತಿ.

ಸೊಣ್ಣಪ್ಪ ನೋಡಲು ಹೋದಾಗ ರಾಧಾಮಣಿ ಹೊಲಿಗೆ ಮಷಿನ್ನಿನ ಮೇಲಿದ್ದ ರವಿಕೆಗಳನ್ನು ಸರಿಸಿ, ಆ ಬಟ್ಟೆಯನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಕಿಟಕಿಯ ಬಿಸಿಲು ಹಿಂದಿನಿಂದ ಬಂದು ಚಂದ್ರ ಹೊತ್ತಿಕೊಂಡಂತಾಯಿತು. ಅಚ್ಚಿನ ಚಂದ್ರರನ್ನು ಅವನು ಎಷ್ಟೋ ನೋಡಿದ್ದ. ಕೈ ನಡುಗದೆ ಬರೆದ ಚಂದ್ರನನ್ನು ನೋಡಿದ್ದು ಅದೇ ಮೊದಲು.

"ಇಲ್ನೋಡಿ ಅಣ್ಣಾ," ಎಂದು ಅವಳು ಕೆಳಗಿನ ಮೂಲೆ ತೋರಿಸಿದಳು. "ಅಪ್ಪ ಎಸ್ರು ಬರ್ದವ್ರೆ. ಪೂರ್ತಿ ಎಸ್ರು. ಗಣೀ ಪ್ಲಾನ್ ಮೇಲೆಲ್ಲ ಸರ್ವೇಯರ್ ಸಾಹೇಬನ್ದೇ ಸೈನು. ಬರೆಯೋರು ಇವ್ರು, ಎಸ್ರು ಅವ್ನ್ದು. ಜೀವಮಾನಕ್ಕೆಲ್ಲ ಅಪ್ಪ ಎಸ್ರು ಆಕಿದ್ದು ಇದೊಂದಕ್ಕೇ."

"ನಮ್ಮೂರ ಹೈಸ್ಕೂಲಲ್ಲಿ ಚಂದ್ರನ ಮೇಲೆ ಇಳಿದ ದಿನ ನನ್ನ ಸಾಮಾನೆಲ್ಲ ತೋರಿಸ್ತಾವ್ರೆ. ಇದನ್ನ ನಡುಮಧ್ಯ ಆಕಿಸ್ತೀನಿ ತಾಯಿ. ಅಪ್ಪನ ಎಸ್ರು ಕೆಳಗೆ ದೊಡ್ಡದಾಗಿ ಬರೆಸ್ತೀನಿ. ಊರೆಲ್ಲ ಓದ್ಬೇಕು."

ಅವಳು ಬಟ್ಟೆಯನ್ನು ಮಷಿನ್ನಿನ ಮೇಲೆ ಹಾಸಿ ಸುಕ್ಕು ಬಿಡಿಸಿದಳು. "ಯಾರ್ಗೂ ಕೊಟ್ಟೋಳಲ್ಲ ನಾನು. ಎಸ್ರು ಆಕಿಸ್ತೀನಿ ಅಂದ್ರಲ್ಲ, ಅದಕ್ಕೆ ಕೊಡ್ತಾ ಇವ್ನಿ," ಎಂದು ಮಡಿಸಿ ಕೊಟ್ಟಳು.

ತೊಂದರೆ ಶುರುವಾದದ್ದು ಮನೆ ಬಾಗಿಲಲ್ಲಿ. ಹೆರಿಗೆಗೆ ಮಗಳು ಕಲ್ಪನ ಬಂದಾಗಿನಿಂದ ಪಾಪಕ್ಕ ಇನ್ನು ಒಂದು ತುಂಡು ಹಳೇ ಕಾಗದವೂ ಹೊಸಲು ದಾಟಬಾರದು ಎಂದು ತಾಕೀತು ಮಾಡಿದ್ದಳು. ಧೂಳು ಮಗುವಿನ ಮೂಗಿಗೆ ಹೋಗುತ್ತದೆ ಎಂದು ಅವಳ ವಾದ. ಸೊಣ್ಣಪ್ಪ ಒಪ್ಪಿ ಮಾತು ಕೊಟ್ಟಿದ್ದ. ಆವತ್ತು ಅವನ ಕಂಕುಳಲ್ಲಿದ್ದುದನ್ನು ನೋಡಿ ಅವಳು, "ಏನ್ ಯಜಮಾನ, ಮತ್ತೊಂದು ಚಂದ್ರನಾ?" ಎಂದಳು.

"ಚಂದ್ರನೂ ಇಲ್ಲ ಗಿಂದ್ರನೂ ಇಲ್ಲ. ಪ್ಲಾನ್ ಬಟ್ಟೆ. ಚಾಂಪಿಯನ್ನಲ್ಲಿ ಯಾರೋ ಕೊಟ್ರು, ಮಗೀಗೆ ಅಂತ."

ಅವಳ ಮುಖ ಅರಳಿತು. ತಾನೇ ಟ್ರಂಕಿನ ಬೀಗ ತೆಗೆದುಕೊಟ್ಟಳು. ಮನೆಯಲ್ಲಿ ಇಲಿಯಿಲ್ಲದ, ತೇವವಿಲ್ಲದ ಜಾಗ ಅದೊಂದೇ ಎಂದು ಸೊಣ್ಣಪ್ಪ ತನ್ನನ್ನು ತಾನೇ ಮೆಚ್ಚಿಕೊಂಡ. ಪ್ರದರ್ಶನದ ಹಿಂದಿನ ದಿನ ಮೆಲ್ಲಗೆ ತೆಗೆದರಾಯಿತು. ಆದರೆ ಮಗು ಡಾಕ್ಟರು ಹೇಳಿದ್ದಕ್ಕಿಂತ ಮೊದಲೇ ಹುಟ್ಟಿತು. ಅವನು ಮಗಳ ಜೊತೆ ಆಸ್ಪತ್ರೆಯಲ್ಲಿದ್ದಾಗ ಪಾಪಕ್ಕ ಮನೆಯಲ್ಲಿ ಸೋಡಾ ನೀರು ಕಾಯಿಸಿದಳು.

ವಿಷಯ ಪೂರ್ತಿ ಕೇಳಿದ ಮೇಲೆ ಪಾಪಕ್ಕ ಸೌಟು ಕೆಳಗಿಟ್ಟಳು. ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ನನ್ನ ಕೈಲಿ ಇಂಥಾ ಕೆಲ್ಸ ಮಾಡಿಸ್ಬುಟ್ಟಲ್ಲ," ಎಂದಳು. "ಓಗು. ಇವತ್ತೇ ಓಗಿ ಏಳ್ಬುಡು. ಬೇಕಾದ್ರೆ ನಾನೂ ಬತ್ತೀನಿ, ಕುದಿಸಿದ್ದು ನಾನೇ ಅಂತ ಏಳ್ತೀನಿ."

"ಪ್ರದರ್ಶನ ಒಂದು ಮುಗೀಲಿ."

"ಮುಗಿದ್ಮೇಲೆ ಏಳೋದು ಬೇರೆ, ಮುಂಚೆ ಏಳೋದು ಬೇರೆ."

ಅದು ಅವನಿಗೂ ಗೊತ್ತಿತ್ತು. ಆದರೆ ಹೈಸ್ಕೂಲಿನ ಹೆಡ್ಮಿಸ್ ಶ್ಯಾಮಲಾ ಟೀಚರಿಗೆ ಅವನು ಆಗಲೇ ಹೇಳಿಬಿಟ್ಟಿದ್ದ. ಗಣಿಯ ಕೆಲಸಗಾರ ಕೈಯಿಂದ ಬರೆದ ಚಂದ್ರ ಎಂದು ಅವರು ಆಹ್ವಾನದಲ್ಲಿ ಹಾಕಿಸಿ, ಗಾಜಿನ ಚೌಕಟ್ಟನ್ನೂ ಹೊಂದಿಸಿ, ನಡುಗೋಡೆಯಲ್ಲಿ ಜಾಗ ಬಿಟ್ಟಿದ್ದರು. ಚೌಕಟ್ಟು ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಎಂದೂ ಯಾರೂ ಕುರ್ಚಿ ಕೊಡದ ಸೊಣ್ಣಪ್ಪನಿಗೆ ವೇದಿಕೆಯಲ್ಲಿ ಕುರ್ಚಿ ಇತ್ತು. ಅವನಲ್ಲಿ ಅದೇ ಅಳತೆಗೆ ಹತ್ತಿರದ, ಅಚ್ಚಾದ ಚಂದ್ರನ ನಕ್ಷೆಯೊಂದಿತ್ತು. ಹಳೆಯದು, ಹಳದಿಗೆ ತಿರುಗಿದ್ದು. ಗಾಜಿನ ಹಿಂದೆ, ಎತ್ತರದಲ್ಲಿ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ? ರಾಧಾಮಣಿ ಬರುವುದಿಲ್ಲ ಎಂದೇ ಹೇಳಿದ್ದಳು, ಹೊಲಿಗೆ ಬಿಟ್ಟು ಏಳಲಾಗುವುದಿಲ್ಲ ಎಂದು. ಆಮೇಲೆ ಅವಳ ಮನೆಗೆ ಹೋಗಿ ಕಾಲಿಗೆ ಬಿದ್ದರಾಯಿತು. ಕೊಟ್ಟ ಮಾತಿನಂತೆ ಹೆಸರಾದರೂ ಊರಿನ ಕಣ್ಣಿಗೆ ಬೀಳುತ್ತದಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಮನುಷ್ಯ ತಪ್ಪು ಮಾಡುವಾಗ ಅದಕ್ಕೊಂದು ಉಪಕಾರದ ಅಂಗಿ ತೊಡಿಸುತ್ತಾನೆ.

ನಕ್ಷೆ ಗೋಡೆಗೇರಿತು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸಿದ್ದಾಯಿತು: ನಂದಿದುರ್ಗ ಗಣಿಯ ಟ್ರೇಸರ್ ದಿವಂಗತ ಮುನಿಸ್ವಾಮಪ್ಪನವರು ಸ್ವಹಸ್ತದಿಂದ ಬರೆದ ಚಂದ್ರನ ನಕ್ಷೆ.

ಪ್ರದರ್ಶನದ ದಿನ ಬೆಳಿಗ್ಗೆ ಸೊಣ್ಣಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಮಕ್ಕಳ ಮುಂದೆ ನಿಂತು, ಚಂದ್ರನಿಗೆ ಹೋದವರು ಅಂಗಿಯ ತೋಳಿನ ಮೇಲೆ ಕೆಲಸದ ಪಟ್ಟಿ ಕಟ್ಟಿಕೊಂಡಿದ್ದ ಕಥೆ ಹೇಳುತ್ತಿದ್ದ. ಬಾಗಿಲಲ್ಲಿ ರೇಷ್ಮೆ ಸೀರೆಯ ಇಬ್ಬರು ಹೆಂಗಸರು ಕಂಡರು. ಮುಂದಿನವಳು ರಾಧಾಮಣಿ. ತಲೆಯಲ್ಲಿ ಕನಕಾಂಬರ, ಕೈಯಲ್ಲಿ ಮಕ್ಕಳಿಗೆ ಹಂಚಲು ಒಂದು ಡಬ್ಬ ಮೈಸೂರ್ ಪಾಕು.

ಅವನು ಕಥೆಯನ್ನು ಅರ್ಧಕ್ಕೇ ಬಿಟ್ಟ.

"ಆಷಾಢ ಅಲ್ವಾ ಅಣ್ಣಾ, ಮದ್ವೆ ಇಲ್ಲ, ರವಿಕೆ ಒಲಿಸೋರಿಲ್ಲ. ಮಷಿನ್ ಸುಮ್ನೆ ಕೂತೈತೆ," ಎಂದು ನಗುತ್ತಾ ಬಂದಳು. "ಇವ್ಳು ನರಸಮ್ಮ, ನಮ್ಮ ಪಕ್ಕದ್ಮನೆ. ಅಪ್ಪನ ಎಸ್ರು ನೋಡ್ಬೇಕು ಅಂದ್ಳು, ಕರ್ಕೊಂಡು ಬಂದೆ."

ಅಂಗಡಿ ನಡೆಸುವವನು, ಯಾವ ತಿಂಗಳು ಯಾವ ಸಾಮಾನು ಓಡುತ್ತದೆ, ಯಾವುದು ಓಡುವುದಿಲ್ಲ ಎಂದು ಬಲ್ಲವನು, ಆಷಾಢವನ್ನು ಮರೆತಿದ್ದ.

ಶ್ಯಾಮಲಾ ಟೀಚರಿಗೆ ವಿಷಯ ತಿಳಿದು ಸಂತೋಷ ತಡೆಯಲಾಗಲಿಲ್ಲ. ರಾಧಾಮಣಿಯ ಕೈ ಹಿಡಿದು ಸೀದಾ ನಡುಗೋಡೆಗೆ ಕರೆದುಕೊಂಡು ಹೋದರು. ಮಕ್ಕಳು, ಮೇಷ್ಟರುಗಳು, ಬಜಾರಿನ ನಾಲ್ಕು ಜನ ಸುತ್ತ ಸೇರಿದರು. ಸೊಣ್ಣಪ್ಪ ಹಿಂದೆ, ಕಂಬದ ಪಕ್ಕ ನಿಂತ. ಅಲ್ಲಿಂದ ಅವಳ ಮುಖದ ಒಂದು ಬದಿ ಕಾಣುತ್ತಿತ್ತು.

ಅವಳು ಮೊದಲು ಹೆಸರನ್ನು ಓದಿದಳು. ತುಟಿ ಅಲ್ಲಾಡಿತು. ಕಣ್ಣು ತುಂಬಿತು. ಆಮೇಲೆ ತಲೆಯೆತ್ತಿ ನಕ್ಷೆಯನ್ನು ನೋಡಿದಳು. ನೋಡುತ್ತಲೇ ಇದ್ದಳು. ಅವಳ ಕಣ್ಣು ಕೆಳಗಿನ ಮೂಲೆಗೆ ಹೋಗಿ, ಅಂಚಿಗೆ ಹೋಗಿ, ಮತ್ತೆ ಮೂಲೆಗೆ ಬಂತು.

"ಏನಮ್ಮ, ಇದನ್ನ ನಿಮ್ಮ ತಂದೆಯವರು ಬರೆಯೋವಾಗ ನೀವು ಹುಟ್ಟಿದ್ರಾ?" ಎಂದು ಟೀಚರ್ ಕೇಳಿದರು. "ಮಕ್ಕಳಿಗೆ ಒಂದೆರಡು ಮಾತು ಹೇಳಿ. ಇದು ಅವರ ಕೈಯದೇ ಅಲ್ವಾ?"

ರಾಧಾಮಣಿ ತಿರುಗಿ ಜನರ ನಡುವೆ ಹುಡುಕಿದಳು. ಕಂಬದ ಪಕ್ಕ ಸೊಣ್ಣಪ್ಪನ ಮುಖ ಸಿಕ್ಕಿತು. ಅಲ್ಲಿ ಏನು ಕಂಡಿತೋ, ಅವಳ ಮುಖದ ಬೆಳಕು ಇಳಿಯಿತು.

"ಊ ಟೀಚರ್," ಎಂದಳು. "ನಮ್ಮಪ್ಪನ್ದೇ."

ಮಕ್ಕಳು ಚಪ್ಪಾಳೆ ತಟ್ಟಿದರು. ಬಜಾರಿನ ಎಣ್ಣೆ ಅಂಗಡಿಯ ಮುನೀಂದ್ರ ಕನ್ನಡಕ ಏರಿಸಿಕೊಂಡು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದ. "ಏನ್ ಕೈ ಮಾರಾಯ, ಅಚ್ಚಾಕಿದಂಗೈತೆ," ಎಂದ. ಎಲ್ಲರೂ ಹೌದು ಹೌದು ಎಂದರು. ನರಸಮ್ಮ ಮಾತ್ರ ಏನೋ ಹೇಳಲು ಬಾಯಿ ತೆರೆದಳು. ರಾಧಾಮಣಿ ಅವಳ ಮೊಣಕೈ ಹಿಡಿದು ಮೈಸೂರ್ ಪಾಕಿನ ಡಬ್ಬ ಅವಳ ಕೈಗೆ ಕೊಟ್ಟಳು.

ಎಲ್ಲರ ಮುಂದೆ ಕಳ್ಳ ಎಂದಿದ್ದರೆ ಸೊಣ್ಣಪ್ಪ ತಲೆ ತಗ್ಗಿಸಿ ನಿಲ್ಲಬಹುದಿತ್ತು. ಅವಳು ಅವನ ಸುಳ್ಳನ್ನು ತನ್ನ ಬಾಯಲ್ಲಿ ಹಾಕಿಕೊಂಡು ನುಂಗಿದ್ದಳು. ಅವನನ್ನು ವೇದಿಕೆಗೆ ಕರೆದರು, ಹಾರ ಹಾಕಿದರು. ಮಾತಾಡಿ ಎಂದಾಗ ಕೈಮುಗಿದು ಕೂತುಬಿಟ್ಟ. ಅದನ್ನೂ ವಿನಯ ಎಂದುಕೊಂಡರು.

ಅವನು ಕೆಳಗಿಳಿಯುವ ಹೊತ್ತಿಗೆ ಹೆಂಗಸರು ಹೊರಟುಹೋಗಿದ್ದರು. ಹಾರವನ್ನು ಕುರ್ಚಿಯ ಮೇಲೆ ಬಿಟ್ಟು ಮೊದಲು ಮನೆಗೆ ಓಡಿದ. ನೀಲಿ ಪಟ್ಟಿಯ ಚೌಕವನ್ನು ತಂತಿಯಿಂದ ಎಳೆದುಕೊಂಡು ಸ್ಟೇಷನ್ನಿಗೆ ಬಂದ. ಗಣಿಗಳ ಕಡೆಗೆ ಹೋಗುವ ಮಾರಿಕುಪ್ಪಂ ಗಾಡಿ ನಿಂತಿತ್ತು, ಇನ್ನೂ ಹೊರಡುವ ಹೊತ್ತಾಗಿರಲಿಲ್ಲ. ರಾಧಾಮಣಿ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತಿದ್ದಳು. ನರಸಮ್ಮ ಅವನನ್ನು ದುರುಗುಟ್ಟಿ ನೋಡಿ, ಕಾಫಿ ತರುವ ನೆಪದಲ್ಲಿ ಎದ್ದು ಹೋದಳು.

ಅವನು ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದ. ಮನೆಗೆ ಕಾಗದ ತರುವುದಿಲ್ಲ ಎಂದು ಕೊಟ್ಟ ಮಾತು, ಹೆಂಡತಿಗೆ ಹೇಳಿದ ಸುಳ್ಳು, ಟ್ರಂಕು, ಸೋಡಾ ನೀರು. ಹೇಳಿ ಮುಗಿಸಿ ಆ ಬಟ್ಟೆಯನ್ನು ಎರಡು ಕೈಯಲ್ಲಿ ಮುಂದೆ ಹಿಡಿದ.

ಅವಳು ಅದನ್ನು ತೊಡೆಯ ಮೇಲೆ ಹಾಸಿಕೊಂಡು ನೀಲಿ ಪಟ್ಟಿಯ ಮೇಲೆ ಬೆರಳಾಡಿಸಿದಳು. "ಅಮ್ಮನ ಒಲಿಗೆ," ಎಂದಳು. ಆಮೇಲೆ ಕೇಳಿದಳು, "ಮಗು ಎಣ್ಣಾ ಗಂಡಾ?"

"ಎಣ್ಣು."

"ಮಗೀಗೆ ಸುತ್ತಿದ್ರಾ ಇದನ್ನ?"

"ಊ. ಒಂದ್ ವಾರದಿಂದ."

"ನಾನುಟ್ಟಿದಾಗ ನಮ್ಮಮ್ಮ ಇದನ್ನೇ ಕುದಿಸ್ಬೇಕು ಅಂತ ಅಟ ಇಡಿದ್ಲಂತೆ. ಅಪ್ಪ ಬಿಡ್ಲಿಲ್ಲ. ಆಫೀಸಿಂದ ಬೇರೆ ತಂದ್ಕೊಟ್ರಂತೆ." ಸ್ವಲ್ಪ ನಕ್ಕಳು. ನಗು ಅಲ್ಲೇ ನಿಂತಿತು. "ಕುದಿಸಿದ್ದಕ್ಕೆ ನನಗೆ ವಟ್ಟೆ ಉರೀತದೆ ಅಣ್ಣಾ, ಇಲ್ಲ ಅನ್ನಲ್ಲ. ಆದ್ರೆ ಪ್ಲಾನ್ ಬಟ್ಟೆ ಬಾಣಂತಿ ಮನೆಗೆ ಬಂದ್ರೆ ಯಾರಾದ್ರೂ ಕುದಿಸ್ತಾರೆ. ನಾನಿದ್ರೂ ಕುದಿಸ್ತಿದ್ದೆ. ಅಕ್ಕನ ಮೇಲೆ ಕ್ವಾಪ ಇಲ್ಲ."

"ನನ್ನ ಬಯ್ಯಿ ತಾಯಿ."

"ಬಯ್ತೀನಿ, ಇರಿ." ಅವಳು ಮುಖವೆತ್ತಿದಳು. "ಅಲ್ಲ ಅಣ್ಣಾ, ಬೇರೆಯೋರು ಬರ್ದಿದ್ದಕ್ಕೆ ನಮ್ಮಪ್ಪನ ಎಸ್ರು ಆಕಿದ್ರಲ್ಲ. ಅದೆಂಗೆ ಮನಸ್ಸು ಬಂತು? ಅಪ್ಪ ಬರ್ದಿದ್ದಕ್ಕೆ ಸಾಹೇಬ ಎಸ್ರು ಆಕ್ಕೊತಿದ್ದ. ಅಪ್ಪ ದಿನಾ ಮನೆಗೆ ಬಂದು ಅದನ್ನೇ ಏಳಿ ಏಳಿ ನೊಂದ್ಕೊತಿದ್ರು. ಈಗ ನೀವು ಅಪ್ಪನ್ನೂ ಆ ಸಾಹೇಬನಂಗೆ ಮಾಡ್ಬುಟ್ರಿ. ಬೇರೆಯೋರ ಕೆಲ್ಸಕ್ಕೆ ಎಸ್ರು ಆಕ್ಕೊಂಡೋರು. ನಾನು ಊರ ಮುಂದೆ ನಿಂತ್ಕೊಂಡು ಊ ಅಂದೆ."

ಸೊಣ್ಣಪ್ಪ ಒಂದು ವಾರದಿಂದ ಯಾವ ಯಾವುದಕ್ಕೋ ನಾಚಿದ್ದ. ಟ್ರಂಕಿಗೆ, ಸೋಡಾಗೆ, ಹೆಂಡತಿಗೆ ಹೇಳಿದ ಮಾತಿಗೆ. ನಾಚಬೇಕಾದ್ದು ಎಲ್ಲಿತ್ತೋ ಅಲ್ಲಿ ಮಾತ್ರ ತಾನು ಉಪಕಾರ ಮಾಡಿದೆ ಎಂದುಕೊಂಡಿದ್ದ.

"ಯಾಕಮ್ಮಾ ಊ ಅಂದೆ?" ಎಂದ.

"ನಿಮ್ಮ ಮುಖ ನೋಡ್ದೆ. ಮಕ್ಕಳೆಲ್ಲ ಇದ್ರು. ಇನ್ನೇನ್ ಅನ್ಲಿ?"

ಗಾಡಿ ಕೂಗಿತು. ನರಸಮ್ಮ ಓಡಿ ಬಂದಳು. ರಾಧಾಮಣಿ ಬಟ್ಟೆಯನ್ನು ಮಡಿಸಿ ಅವನ ಕೈಗೆ ವಾಪಸ್ಸು ಕೊಟ್ಟಳು.

"ಇದು ನಿಂದು ತಾಯಿ. ಇದೊಂದಾದ್ರೂ ಇಟ್ಕೊ."

"ಮಗೀನ ಮೈಗೆ ಸುತ್ತಿದ್ದನ್ನ ಕಿತ್ಕೊಂಡು ಓಗ್ಬಾರ್ದು ಅಣ್ಣಾ. ಒಳ್ಳೇದಲ್ಲ. ಇಟ್ಕೊಳ್ಳಿ." ಮೆಟ್ಟಿಲು ಹತ್ತಿದವಳು ತಿರುಗಿ ನೋಡಲಿಲ್ಲ. ಬರುತ್ತೀನಿ ಎಂದೂ ಹೇಳಲಿಲ್ಲ.

ಮನೆಗೆ ಬಂದ ಗಂಡನ ಮುಖ ನೋಡಿ ಪಾಪಕ್ಕ ಮುದ್ದೆ ಬಡಿಸಿದಳು. ಉಣ್ಣುತ್ತಾ ಅವನೇ ಹೇಳಿದ. ಅವಳು ಸಾರು ಹಾಕುವುದನ್ನು ನಿಲ್ಲಿಸಿ ಕೇಳಿದಳು.

"ಪ್ರದರ್ಶನ ಇನ್ನೂ ಐತಾ?"

"ನಾಳೆ ಒಂದಿನ ಐತೆ."

"ಮತ್ತೆ?"

"ನಾಳೆ ಆ ಬಟ್ಟೆಗಳೆಲ್ಲ ಬೇಕು ನನಗೆ."

"ಅಷ್ಟೂ ತಕ್ಕೊಂಡ್ರೆ ಮಗು ಏನ್ ಸುತ್ಕೊತದೆ? ಸಾಯಂಕಾಲದೊಳಗೆ ತಂದ್ಬುಡು," ಎಂದಳು. ಬೆಳಿಗ್ಗೆ ಎಲ್ಲವನ್ನೂ ಮತ್ತೊಮ್ಮೆ ಜಾಲಿಸಿ, ಇಸ್ತ್ರಿ ಮಾಡಿ, ತಾನೇ ಚೀಲಕ್ಕೆ ಹಾಕಿಕೊಟ್ಟಳು.

ಶ್ಯಾಮಲಾ ಟೀಚರ್ ಬರುವ ಮೊದಲೇ ಅವನು ಶಾಲೆಯ ಹಾಲ್‌ನಲ್ಲಿದ್ದ. ಜವಾನನಿಂದ ಏಣಿ ಹಾಕಿಸಿ, ಗಾಜಿನ ಚೌಕಟ್ಟನ್ನು ಇಳಿಸಿ, ಅಚ್ಚಿನ ಚಂದ್ರನನ್ನು ತೆಗೆದ. ಆ ಜಾಗದಲ್ಲಿ ಹಗ್ಗ ಕಟ್ಟಿ ಬಿಳಿ ಚೌಕಗಳನ್ನು ಒಂದರ ಪಕ್ಕ ಒಂದು ತೂಗುಹಾಕಿದ, ಅಂಗಡಿಯ ಕ್ಲಿಪ್ಪುಗಳಲ್ಲಿ. ಕಿಟಕಿಯ ಬೆಳಕು ಬಿದ್ದಾಗ ಒಂದರ ಮೇಲೆ ಬಳೆಯಗಲದ ಒಂದು ಮಸುಕು ಉಂಗುರ ಕಂಡಿತು. ಅದೊಂದು ಗುಂಡಿ ಸೋಡಾ ನೀರಿಗೂ ಪೂರ್ತಿ ಬಿಟ್ಟಿರಲಿಲ್ಲ. ಹೆಸರಿದ್ದ ಮೂಲೆಯನ್ನು ಎರಡು ಸಲ ಬೆಳಕಿಗೆ ಹಿಡಿದು ನೋಡಿದ. ಅಲ್ಲಿ ಏನೂ ಇರಲಿಲ್ಲ.

ಟೀಚರ್ ಬಂದವರು ಬಾಗಿಲಲ್ಲೇ ನಿಂತರು. "ಸೊಣ್ಣಪ್ಪನವರೇ, ಏನಿದು? ಲಂಗೋಟಿಗಳನ್ನ ತಂದು ಸ್ಕೂಲಲ್ಲಿ ಒಣಗಾಕಿದ್ದೀರಲ್ಲ?"

ಅವನು ಅವರಿಗೂ ಹೇಳಿದ. ಎರಡನೇ ಸಲಕ್ಕೆ ಹೇಳುವುದು ಸುಲಭವಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ. ಟೀಚರ್ ಕುರ್ಚಿ ಎಳೆದು ಕೂತರು.

"ನಿನ್ನೆ ಊರಿಗೆಲ್ಲ ಒಂದು ಹೇಳಿ ಇವತ್ತು ಇನ್ನೊಂದು ಹೇಳಿದ್ರೆ ಸ್ಕೂಲಿನ ಮರ್ಯಾದೆ ಏನಾಗುತ್ತೆ? ಸುಮ್ಮನೆ ನಕ್ಷೆ ತೆಗೆದುಬಿಡಿ. ಯಾರೂ ಕೇಳಲ್ಲ."

"ಕೇಳ್ಬೇಕು ಟೀಚರ್. ಅದಕ್ಕೇ ಆಕಿದೀನಿ. ಮರ್ಯಾದೆ ಓದ್ರೆ ನಂದು ಓಗ್ಲಿ. ಸೊಣ್ಣಪ್ಪ ಮೋಸ ಮಾಡ್ದ ಅಂತ ಬೋರ್ಡಲ್ಲೇ ಬರೀರಿ."

ಅವರು ಹಾಗೆ ಬರೆಯಲಿಲ್ಲ. ಹಳೆಯ ಚೀಟಿಯನ್ನು ಕಿತ್ತು, ಹೊಸ ಹಾಳೆಯ ಮೇಲೆ ಅವನು ಹೇಳಿದಂತೆ ಬರೆದರು: ನಂದಿದುರ್ಗ ಗಣಿಯ ಟ್ರೇಸರ್ ಮುನಿಸ್ವಾಮಪ್ಪನವರು ಬರೆದ ಚಂದ್ರನ ನಕ್ಷೆ ಈ ಬಟ್ಟೆಯ ಮೇಲಿತ್ತು. ನಿನ್ನೆ ಇಲ್ಲಿದ್ದದ್ದು ಅವರದಲ್ಲ.

ಮಕ್ಕಳು ನಕ್ಕರು. ಮಗು ಇದರ ಮೇಲೆ ಉಚ್ಚೆ ಹೊಯ್ದಿದೆಯಾ ತಾತ ಎಂದು ಒಬ್ಬಳು ಕೇಳಿದಳು. ಹೊಯ್ದಿದೆ ಎಂದ. ಮತ್ತಷ್ಟು ನಕ್ಕರು. ಮುನೀಂದ್ರ ಬಂದು ಓದಿ, ನಿನ್ನೆ ತಾನು ಗಾಜಿಗೆ ಮೂಗು ತಾಗಿಸಿ ಹೊಗಳಿದ್ದು ನೆನಪಾಗಿ ಸಿಟ್ಟಾದ. "ನನ್ನ ಮಂಗ ಮಾಡ್ದಲ್ಲೋ ಸೊಣ್ಣ. ಇನ್ನ ನಿನ್ನ ಅಂಗಡೀಲಿ ಬೇಳೆ ತಕ್ಕೊಂಡ್ರೂ ಬೇಳೇನೇನಾ ಅಂತ ನೋಡಿ ತಕ್ಕೋಬೇಕು," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೋದ. ಬಜಾರಿನವನಿಗೆ ಅದಕ್ಕಿಂತ ದೊಡ್ಡ ಮಾತಿಲ್ಲ. ಸೊಣ್ಣಪ್ಪ ಅದನ್ನು ಮೈಮೇಲೆ ಬೀಳಲು ಬಿಟ್ಟು ಅಲ್ಲೇ ನಿಂತಿದ್ದ. ಇಂದು ಕಂಬದ ಪಕ್ಕ ಹೋಗಲಿಲ್ಲ.

ಮಧ್ಯಾಹ್ನದ ಮೇಲೆ ಜನ ಕಡಿಮೆಯಾದರು. ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದ ಕೋರಮಂಡಲ ಗಣಿಯ ಲೈನಿನ ಮುದುಕಿಯೊಬ್ಬಳು, ಚಿಕ್ಕವೆಂಕಟಮ್ಮ, ಚಂದ್ರನ ಪಟಗಳನ್ನೆಲ್ಲ ಕಣ್ಣೆತ್ತಿಯೂ ನೋಡದೆ ಸೀದಾ ಹಗ್ಗದ ಹತ್ತಿರ ಬಂದಳು. ಒಂದು ಚೌಕವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದಳು.

"ಪ್ಲಾನ್ ಬಟ್ಟೆ," ಎಂದಳು. "ನನ್ನ ಮಕ್ಕಳ್ನೆಲ್ಲ ಇದ್ರಲ್ಲೇ ಸುತ್ತಿದ್ದು. ಈಗೆಲ್ಲಿ ಸಿಗ್ತದೆ. ಇದನ್ಯಾಕಪ್ಪಾ ಇಲ್ಲಿ ನೇತಾಕಿದೀರಿ?"

"ಇದ್ರ ಮೇಲೆ ಒಬ್ರು ಚಂದ್ರನ್ನ ಬರ್ದಿದ್ರು ಅಮ್ಮಾ."

"ಏನು? ಜೋರಾಗೇಳು, ನನಗೆ ಕಿವಿ ಕೇಳಲ್ಲ."

"ಚಂದ್ರನ್ನ ಬರ್ದಿದ್ರು."

"ಯಾರು ಬರ್ದಿದ್ದು?"

"ಮುನಿಸ್ವಾಮಪ್ಪನೋರು. ನಂದಿದುರ್ಗದ ಸರ್ವೆ ಆಫೀಸೋರು."

"ಯಾರು?"

ಹಾಲ್‌ನಲ್ಲಿದ್ದ ನಾಲ್ಕಾರು ಜನ ತಿರುಗಿ ನೋಡುತ್ತಿದ್ದರು. ಸೊಣ್ಣಪ್ಪ ಬಗ್ಗಿ ಅವಳ ಕಿವಿಯ ಹತ್ತಿರ ಹೋಗಿ, ಹೊರಗಿನ ಜಗಲಿಗೂ ಕೇಳುವಂತೆ ಮತ್ತೆ ಹೇಳಿದ. "ಮುನಿಸ್ವಾಮಪ್ಪನೋರು."

"ಊ ಊ. ಮುನಿಸ್ವಾಮಪ್ಪ." ಮುದುಕಿ ತಲೆಯಾಡಿಸಿ ಬಟ್ಟೆಯನ್ನು ಬೆಳಕಿಗೆ ಎಳೆದು ನೋಡಿದಳು. "ಎಲ್ಲೈತೆ ಚಂದ್ರ? ಏನೂ ಕಾಣಲ್ವಲ್ಲ."

"ಇಲ್ಲ ಅಮ್ಮಾ. ನನ್ನಿಂದ ಓಯ್ತು."

ಅವಳು ಅವನ ಮುಖವನ್ನು ಒಂದು ಸಲ ನೋಡಿದಳು. ಗಾಳಿಗೆ ಜಾರಿದ್ದ ಒಂದು ಕ್ಲಿಪ್ಪನ್ನು ಸರಿಯಾಗಿ ಹಾಕಿ, ಮೊಮ್ಮಗಳ ಕೈ ಹಿಡಿದುಕೊಂಡು ಹೊರಟುಹೋದಳು.

ಸಂಜೆಯಾಗುತ್ತಿತ್ತು. ಮಗುವಿಗೆ ಬಟ್ಟೆ ಬೇಕಾಗಿರುತ್ತದೆ ಎಂದು ಸೊಣ್ಣಪ್ಪನಿಗೆ ನೆನಪಾಯಿತು. ಒಂದೊಂದಾಗಿ ಚೌಕಗಳನ್ನು ಬಿಚ್ಚಿ ಮಡಿಸಿ ಚೀಲಕ್ಕೆ ಹಾಕಿದ. ನೀಲಿ ಪಟ್ಟಿಯದನ್ನು ಎಲ್ಲಕ್ಕಿಂತ ಕೊನೆಗೆ ಬಿಚ್ಚಿದ. ಗೋಡೆಯ ಮೇಲಿದ್ದ ಹಾಳೆಯನ್ನು ತೆಗೆಯಲು ಜವಾನ ಬಂದಾಗ, ಅದು ಇನ್ನೂ ಸ್ವಲ್ಪ ದಿನ ಅಲ್ಲೇ ಇರಲಿ ಎಂದ.